ರಾಯಚೂರ ಗುಡ್ಡವೂ ನಮ್ಮ ಹಿತ್ತಲ ಕಲ್ಲೂ

ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆಯು ಎಷ್ಟು ಹಳೆಯದೋ ಅಷ್ಟೇ ನಿಜವಾದುದು. ಕಾಶಿ ರಾಮೇಶ್ವರಗಳ ಯಾತ್ರೆಯನ್ನು ಮುಗಿಸಿ ಬಂದು ಓಣಿಗೆಲ್ಲ ಪ್ರಸಾದ ಹಂಚಿದವರು, ವಿಜಾಪುರದ ಗೋಲಗುಮ್ಮಟದಲ್ಲಿ ನಿಂತು ತಮ್ಮ ಕೂಗನ್ನು ತಾವೇ ಮತ್ತೆ ಮತ್ತೆ ಕೇಳಿ ಬೆರಗಾದವರು, ಹಂಪೆಯ ಕಲ್ಲಿನ ರಥದ ಮುಂದೆ ಛಾಯಾಚಿತ್ರ ತೆಗೆಯಿಸಿಕೊಂಡವರು ನಮ್ಮಲ್ಲಿ ಬೇಕಾದಷ್ಟು ಮಂದಿ ಇರುವರು. ಆದರೆ ಮನೆಯ ಹೊಸ್ತಿಲಿನಿಂದ ಕೂಗಳತೆಯ ದೂರದಲ್ಲಿರುವ ತಮ್ಮೂರ ಕೋಟೆಯನ್ನು ಕಣ್ಣಾರೆ ನೋಡಿದವರು ಎಷ್ಟು ಮಂದಿ? ಪರರನ್ನು ಆಡಿಕೊಳ್ಳುವ ಮೊದಲು ನನ್ನ ತಪ್ಪನ್ನೇ ಒಪ್ಪಿಕೊಳ್ಳುವುದು ಲೇಸು. ನಾನು ರಾಯಚೂರಿನಲ್ಲಿಯೇ ಹುಟ್ಟಿ ಬೆಳೆದವನು. ಕೋಟೆಯ ಬಾಗಿಲುಗಳ ಕೆಳಗೆ ಹಾದು ಕಾಯಿಪಲ್ಲೆ ತಂದಿದ್ದೇನೆ, ಮಕ್ಕಳನ್ನು ಶಾಲೆಗೆ ಬಿಟ್ಟು ಬಂದಿದ್ದೇನೆ, ಬಂಧುಗಳನ್ನು ರೈಲಿಗೆ ಹತ್ತಿಸಲು ಓಡಿದ್ದೇನೆ. ಆದರೆ ಒಂದು ಸಲವೂ ನಿಂತು, ತಲೆಯೆತ್ತಿ, ಈ ಬಾಗಿಲನ್ನು ಕಟ್ಟಿದವರಾರೆಂದು ಕೇಳಿದವನಲ್ಲ.

ಕೇಳಿದವನು ನನ್ನ ಮೊಮ್ಮಗನು. ಸಂಕ್ರಾಂತಿಯ ಸಮಯದಲ್ಲಿ ಬೆಂಗಳೂರಿನಿಂದ ಬಂದಿದ್ದ ಆ ಹತ್ತು ವರ್ಷದ ಹುಡುಗನು, “ಅಜ್ಜಾ, ಈ ಗುಡ್ಡದ ಮೇಲೆ ಏನಿದೆ?” ಎಂದನು. ನಾನು, “ಏನೂ ಇಲ್ಲಪ್ಪ, ಹಳೆಯ ಗೋಡೆಗಳು,” ಎಂದುಬಿಟ್ಟೆ. ಆಗ ಜಗಲಿಯಲ್ಲಿ ಕುಳಿತಿದ್ದ ನಮ್ಮ ಓಣಿಯ ಮಾಸ್ತರರು ಓದುತ್ತಿದ್ದ ಪತ್ರಿಕೆಯನ್ನು ಮಡಿಸಿಟ್ಟು ನನ್ನ ಮುಖವನ್ನು ನೋಡಿದರು. ಅವರು ಮೂವತ್ತು ವರ್ಷ ಪಾಠ ಹೇಳಿ ನಿವೃತ್ತರಾದವರು. ಚಳಿಗಾಲದ ಮುಂಜಾವುಗಳಲ್ಲಿ, ಕೇಳಿದವರನ್ನು ಕೋಟೆಯ ಸುತ್ತ ನಡೆಯಿಸಿಕೊಂಡು ಹೋಗಿ ತೋರಿಸುವುದು ಅವರ ಹವ್ಯಾಸ. ಅದಕ್ಕೆ ಬಿಡಿಗಾಸನ್ನೂ ತೆಗೆದುಕೊಳ್ಳರು. “ರಾಯರೇ, ನಾಳೆ ಬೆಳಿಗ್ಗೆ ಆರು ಗಂಟೆಗೆ ಸಿದ್ಧರಾಗಿರಿ. ಹುಡುಗನನ್ನಷ್ಟೇ ಅಲ್ಲ, ಮನೆಯವರೆಲ್ಲರನ್ನೂ ಕರೆದುಕೊಂಡು ಬನ್ನಿರಿ,” ಎಂದು ಹೇಳಿ ಎದ್ದು ಹೋದರು.

ಹೀಗಾಗಿ ಮರುದಿನ ನಾನು, ನನ್ನ ಮನೆಯಾಕೆ, ಸೊಸೆ, ಮೊಮ್ಮಗ ಮತ್ತು ನೆರೆಮನೆಯ ಇಬ್ಬರು ಮಕ್ಕಳು ಮಾಸ್ತರರ ಹಿಂದೆ ಹೊರಟೆವು. ಹೊರಡುವಾಗಲೇ ಅವರು ಮೂರು ಕಟ್ಟಳೆಗಳನ್ನು ವಿಧಿಸಿದರು. ಮೊದಲು ಗುಡ್ಡ, ಆಮೇಲೆ ಗೋಡೆ. ರಾಯಚೂರಿನ ಬಿಸಿಲು ಏರಿದ ಮೇಲೆ ಬಂಡೆಯನ್ನು ಏರಬಾರದು. ಎರಡನೆಯದಾಗಿ, ದರ್ಗಾ, ಮಸೀದಿ, ಗುಡಿಗಳ ಬಳಿ ಕೂಗಾಟ ಕೂಡದು. ಮೂರನೆಯದಾಗಿ, ಯಾವ ಕಲ್ಲಿನ ಮೇಲೆಯೂ ಹೆಸರು ಬರೆಯಕೂಡದು. “ಬರೆಯತಕ್ಕವರು ಆಗಲೇ ಬರೆದು ಹೋಗಿದ್ದಾರೆ. ಅದನ್ನು ಓದುವುದಷ್ಟೇ ನಮ್ಮ ಕೆಲಸ,” ಎಂದರು.

ಊರಿನ ದಕ್ಷಿಣಕ್ಕೆ ಒಂದಕ್ಕೊಂದು ಹೊಂದಿಕೊಂಡ ಕಲ್ಲುಗುಡ್ಡಗಳಿವೆ. ಕೋಟೆಯ ಮೂರು ದಿಕ್ಕುಗಳಿಗೆ ಆಳವಾದ ಅಗಳನ್ನು ತೋಡಿದ್ದಾರೆ. ನಾಲ್ಕನೆಯ ದಿಕ್ಕಿಗೆ ಈ ಗುಡ್ಡಗಳೇ ಕಾವಲು. ಬುಡದ ಬಂಡೆಗಳ ಹತ್ತಿರದವರೆಗೂ ಈಗ ಮನೆಗಳು ಏರಿಬಂದಿವೆ. ಯಾರೋ ಅಂಗಳ ಸಾರಿಸಿ ರಂಗವಲ್ಲಿ ಇಕ್ಕುತ್ತಿದ್ದರು. ಯಾರೋ ಆಡಿಗೆ ಸೊಪ್ಪು ಹಾಕುತ್ತಿದ್ದರು. ಆ ಮನೆಗಳನ್ನು ದಾಟಿ, ನಡುನಡುವೆ ನಿಂತು ಉಸಿರು ಬಿಡುತ್ತ ಮೇಲೇರಿದೆವು. ಮನೆಯಾಕೆ ಅರ್ಧ ದಾರಿಯಲ್ಲಿ ಒಂದು ಬಂಡೆಯ ಮೇಲೆ ಕುಳಿತು, “ಮಾಸ್ತರರೇ, ರಾಜರಿಗೆ ಕೆಳಗೆ ಮನೆ ಕಟ್ಟಿಕೊಳ್ಳಲು ಜಾಗವಿರಲಿಲ್ಲವೇ?” ಎಂದು ಕೇಳಿದಳು. “ಇತ್ತು ತಾಯೀ, ಆದರೆ ಕೆಳಗಿದ್ದವರಿಗೆ ನಿದ್ದೆ ಇರಲಿಲ್ಲ,” ಎಂದು ಅವರು ನಕ್ಕರು.

ನಡುವಣ ಗುಡ್ಡದ ನೆತ್ತಿಯಲ್ಲಿರುವುದೇ ಬಾಲಾ ಹಿಸಾರ್, ಎಂದರೆ ಮೇಲುಕೋಟೆ. ಸುತ್ತಲಿನ ಬಯಲಿಗಿಂತ ಇದು ಸುಮಾರು 290 ಅಡಿ ಎತ್ತರವಾಗಿದೆ. ಬಂಡೆಯ ಓರೆಕೋರೆಗಳನ್ನೇ ಅನುಸರಿಸಿ ಕಟ್ಟಿದ್ದರಿಂದ ಇದರ ಗೋಡೆಗೆ ನೇರವಾದ ಆಕಾರವೇ ಇಲ್ಲ. ಮೇಲೆ ಒಂದು ದರ್ಬಾರು ಮಂಟಪ, ಒಂದು ಪುಟ್ಟ ಮಸೀದಿ, ಪಂಚ ಬೀಬಿಯರ ದರ್ಗಾ ಇವೆ. ಪೂರ್ವಕ್ಕೆ ಎತ್ತರವಾದ ಕಟ್ಟೆಯ ಮೇಲೆ 20 ಅಡಿಗೂ ಮಿಕ್ಕಿ ಉದ್ದವಾದ ಒಂದು ತೋಪು ಒರಗಿಕೊಂಡಿದೆ. ಹುಡುಗರು ಒಬ್ಬರ ಹಿಂದೆ ಒಬ್ಬರು ಹೆಜ್ಜೆಯಿಟ್ಟು ಅದರ ಉದ್ದವನ್ನು ಅಳೆದರು. ಗಾಳಿ ತಣ್ಣಗೆ ಬೀಸುತ್ತಿತ್ತು. ಕೆಳಗೆ ಆಮ್ ತಲಾಬಿನ ನೀರು ಆಗ ತಾನೇ ಬೆಳಕನ್ನು ಹಿಡಿಯುತ್ತಿತ್ತು.

ಮಾಸ್ತರರು ತಮ್ಮ ಕೋಲನ್ನು ಎತ್ತಿ ದಿಕ್ಕುಗಳನ್ನು ತೋರಿಸಿದರು. “ಉತ್ತರಕ್ಕೆ ಕೃಷ್ಣೆ, ಆ ಕಡೆ ಶಕ್ತಿನಗರ. ನಮ್ಮ ದೀಪಗಳಿಗೆ ಅಲ್ಲಿಂದ 1985ರಿಂದ ವಿದ್ಯುತ್ತು ಬರುತ್ತಿದೆ. ದಕ್ಷಿಣಕ್ಕೆ ತುಂಗಭದ್ರೆ. ಇವೆರಡರ ನಡುವಿನ ಈ ನೆಲವನ್ನು ನಮ್ಮ ಹಿರಿಯರು ಎಡೆದೊರೆ ನಾಡೆಂದರು. ಪಾರಸಿ ಬಲ್ಲವರು ದೋಆಬ್ ಎಂದರು. ಎರಡರ ಭಾವವೂ ಒಂದೇ: ಎರಡು ನೀರುಗಳ ನಡುವಿನ ನೆಲ. ಕಪ್ಪು ಮಣ್ಣು, ಜೋಳ, ಹತ್ತಿ. ಬೆಳೆ ಬಂದ ವರ್ಷ ಬಂಗಾರ. ಇದನ್ನು ಹಿಡಿದವನಿಗೆ ಎರಡು ನದಿಗಳ ಹಾಯ್ಗಡಗಳೂ ಕೈಗೆ ಬರುವುವು. ಅದಕ್ಕಾಗಿ ವಿಜಯನಗರದವರೂ ಬಹಮನಿಯವರೂ, ಅವರ ತರುವಾಯ ವಿಜಾಪುರದವರೂ ಎರಡು ನೂರು ವರ್ಷಕ್ಕೂ ಮಿಕ್ಕಿ ಬಡಿದಾಡಿದರು.”

ಬಳಿಕ ಕೋಲು ಪಡುವಣಕ್ಕೆ ತಿರುಗಿತು. ವಾಯವ್ಯಕ್ಕೆ ದೇವದುರ್ಗ, ಬೇಡ ನಾಯಕರ ಬೀಡಾಗಿದ್ದ ಊರು. ನೈಋತ್ಯಕ್ಕೆ ಮಾನ್ವಿ. “ಆ ಎರಡು ತಾಲ್ಲೂಕುಗಳಲ್ಲಿ ಹುಟ್ಟಿದವರ ಹೆಸರು ಹೇಳಿರಿ ನೋಡೋಣ,” ಎಂದು ಕೇಳಿದಾಗ ಉತ್ತರ ಕೊಟ್ಟವಳು ನನ್ನ ಮನೆಯಾಕೆ. ದೇವದುರ್ಗ ತಾಲ್ಲೂಕಿನ ಮೊಸರಕಲ್ಲಿನಲ್ಲಿ ಗೋಪಾಲದಾಸರು. ಮಾನ್ವಿ ತಾಲ್ಲೂಕಿನ ಚೀಕಲಪರ್ವಿಯಲ್ಲಿ ವಿಜಯದಾಸರು. ಅದೇ ತಾಲ್ಲೂಕಿನ ಬ್ಯಾಗವಾಟದಲ್ಲಿ ಹರಿಕಥಾಮೃತಸಾರವನ್ನು ಬರೆದ ಜಗನ್ನಾಥದಾಸರು. ಒಂದನ್ನೂ ತಪ್ಪದೆ ಹೇಳಿದಳು. ಮಾಸ್ತರರು ಸಂತೋಷಪಟ್ಟು, “ನೋಡಿರಿ, ಇವರು ಶಾಲೆಯಲ್ಲಿ ಓದಿ ಇದನ್ನು ಕಲಿಯಲಿಲ್ಲ. ತಾಯಿಯಿಂದಲೋ ಅಜ್ಜಿಯಿಂದಲೋ ಕಲಿತರು. ಹದಿನೆಂಟನೆಯ ಶತಮಾನದ ಆ ದಾಸರ ಪದಗಳಿಗೆ ಯಾವ ರಾಜನೂ ಕೋಟೆ ಕಟ್ಟಿ ಕಾವಲಿಡಲಿಲ್ಲ. ಮನೆಗಳೇ ಕಾದವು. ಇದನ್ನು ನೆನಪಿನಲ್ಲಿಟ್ಟುಕೊಂಡು ಕೆಳಗಿಳಿಯೋಣ,” ಎಂದರು. ಆ ಮಾತಿನ ಮೊನೆ ಯಾರ ಕಡೆಗಿತ್ತೆಂಬುದು ನನಗೆ ಆಗ ತಿಳಿಯಲಿಲ್ಲ.

ಇಳಿಯುವಾಗ ಕೋಟೆಯ ರಚನೆಯೆಲ್ಲ ಒಂದು ಚಿತ್ರದಂತೆ ಕಾಣಿಸಿತು. ಗೋಡೆಗಳು ಎರಡು, ಒಂದರೊಳಗೊಂದು. ಹೊರಗೋಡೆಗೆ ಐದು ಬಾಗಿಲುಗಳು: ಪಶ್ಚಿಮಕ್ಕೆ ಮೆಕ್ಕಾ ದರವಾಜೆ, ಉತ್ತರಕ್ಕೆ ನೌರಂಗಿ, ಪೂರ್ವಕ್ಕೆ ಕಾಟಿ, ದಕ್ಷಿಣಕ್ಕೆ ಖಂದಕ್, ನೈಋತ್ಯಕ್ಕೆ ದೊಡ್ಡಿ. ಒಳಗೋಡೆಗೆ ಎರಡು: ಪಶ್ಚಿಮಕ್ಕೆ ಸೈಲಾನಿ, ಪೂರ್ವಕ್ಕೆ ಸಿಕಂದರಿ. ಗೋಡೆಗಳ ಒಳಗೂ ಹೊರಗೂ ಊರು ತುಂಬಿಕೊಂಡಿದೆ. ಒಂದು ಕೊತ್ತಲದ ಮಗ್ಗುಲಲ್ಲಿ ಬಟ್ಟೆ ಒಣಗುತ್ತಿದ್ದರೆ, ಮತ್ತೊಂದರ ನೆರಳಿನಲ್ಲಿ ಮಿರ್ಚಿಬಜ್ಜಿಯ ಬಂಡಿ ನಿಂತಿರುತ್ತದೆ. ಅಗಳಿನ ಕೆಲವು ಭಾಗದಲ್ಲಿ ನೀರಿದೆ, ಕೆಲವು ಭಾಗದಲ್ಲಿ ನಾವು ಚೆಲ್ಲಿದ ಕಸವಿದೆ. ಇದನ್ನು ವಿಸ್ತರಿಸಿ ಹೇಳಿ ವಾಚಕರ ಉಪಾಹಾರವನ್ನು ಕೆಡಿಸಲಾರೆ.

ಮೊದಲು ನೌರಂಗಿ ದರವಾಜೆಗೆ ಹೋದೆವು. ನೌರಂಗಿ ಎಂದರೆ ಒಂಬತ್ತು ಬಣ್ಣಗಳದೆಂದು ಅರ್ಥ. ಬಣ್ಣಗಳು ಈಗ ಕಾಣಿಸವು. ಆದರೆ ಕಲ್ಲಿನಲ್ಲಿ ಕೊರೆದ ಹಿಂದೂ ಶಿಲ್ಪಗಳನ್ನು ಇಂದಿಗೂ ನೋಡಬಹುದು. ಈ ಬಾಗಿಲಿನಿಂದ ಬಂದ ಸುಲ್ತಾನರೂ ಆ ಶಿಲ್ಪಗಳನ್ನು ಅಲ್ಲಿಯೇ ಇರಗೊಟ್ಟರೆಂಬುದನ್ನು ಮಾಸ್ತರರು ಮಕ್ಕಳಿಗೆ ವಿಶೇಷವಾಗಿ ತೋರಿಸಿದರು. ಅಲ್ಲಿಂದ ಬೀದಿಗಳೊಳಗೆ ಹೊಕ್ಕು ಒಂದು ಮಿನಾರದ ಮಸೀದಿಯನ್ನು ಸೇರಿದೆವು. ಮಸೀದಿಗಳಿಗೆ ಎರಡು ಅಥವಾ ನಾಲ್ಕು ಮಿನಾರಗಳಿರುವುದನ್ನು ಕಂಡ ಕಣ್ಣಿಗೆ ಈ ಒಂಟಿ ಗೋಪುರವು ಹೊಸದಾಗಿ ತೋರುವುದು. ಬಹಮನಿ ಮಹಮೂದ ಶಹನ ಕಾಲದಲ್ಲಿ, 1513ರಲ್ಲಿ, ಅಂಬರನೆಂಬವನು ಇದನ್ನು ಕಟ್ಟಿಸಿದನು. ಮಿನಾರದ ಎತ್ತರ 65 ಅಡಿ, ಬುಡದ ಅಡ್ಡಳತೆ 10 ಅಡಿ. ಒಳಗೆ ಸುತ್ತುಮೆಟ್ಟಿಲು, ಎರಡು ಅಂತಸ್ತುಗಳಿಗೂ ಕಿಟಕಿಗಳು, ಸುತ್ತಲೂ ಕಲ್ಲಿನ ಕಟಾಂಜನ, ನೆತ್ತಿಯಲ್ಲಿ ದುಂಡನೆಯ ಗುಮ್ಮಟ. ನಮಾಜು ಮುಗಿಸಿ ಹೊರಗೆ ಬರುತ್ತಿದ್ದ ವೃದ್ಧರೊಬ್ಬರು ಮಾಸ್ತರರನ್ನು ಕಂಡು, “ಬಂದಿರಾ ಸಾಹೇಬ್, ಈ ವಾರ ಎಷ್ಟು ಮಂದಿ?” ಎಂದು ವಿಚಾರಿಸಿ, ಮಕ್ಕಳ ಕೈಗೆ ಒಂದೊಂದು ಖರ್ಜೂರವನ್ನು ಇಟ್ಟರು.

ಮೆಕ್ಕಾ ದರವಾಜೆಯ ಬಳಿ ಬಂದಾಗ ಎಂಟೂವರೆ ಗಂಟೆಯಾಗಿತ್ತು. ಇದು 1470ರದು, ಮೂರನೆಯ ಮಹಮ್ಮದ ಶಹ ಬಹಮನಿಯ ಕಾಲದ್ದು. ಇಲ್ಲಿ ಮಾಸ್ತರರು ಕೋಟೆಯ ಒಡೆತನವನ್ನು ಮಗ್ಗಿಯಂತೆ ಒಪ್ಪಿಸಿದರು: ಕಾಕತೀಯರು ಕಟ್ಟಿದರು, ಬಹಮನಿಯವರು ಹಿಡಿದರು, ಅವರಿಂದ ವಿಜಾಪುರದ ಆದಿಲಶಾಹಿಗೆ ಬಂದಿತು, 1520ರಲ್ಲಿ ಕೃಷ್ಣದೇವರಾಯನು ಗೆದ್ದನು, ಅವನು ತೀರಿಕೊಂಡ ಮೇಲೆ ಆದಿಲಶಾಹಿಯು ಮರಳಿ ಪಡೆಯಿತು, 1686ರಲ್ಲಿ ವಿಜಾಪುರವು ಬಿದ್ದ ಬಳಿಕ ಮೊಗಲರು, ಅವರ ತರುವಾಯ ಹೈದರಾಬಾದಿನ ನಿಜಾಮರು, 1853ರಿಂದ 1860ರವರೆಗೆ ಇಂಗ್ಲಿಷರ ಆಡಳಿತ, ಮತ್ತೆ ನಿಜಾಮರು, 1948ರ ಸೆಪ್ಟೆಂಬರಿನಲ್ಲಿ ಹೈದರಾಬಾದು ಭಾರತದೊಳಗೆ ಸೇರಿತು, 1956ರ ನವೆಂಬರ್ 1ರಂದು ರಾಯಚೂರು ಕನ್ನಡ ನಾಡಿಗೆ ಕೂಡಿಕೊಂಡಿತು. “ಬಂದವರೆಲ್ಲರೂ ಏನಾದರೊಂದನ್ನು ಸೇರಿಸಿದರು. ಒಂದು ಬಾಗಿಲು, ಒಂದು ಬುರುಜು, ಒಂದು ಬಾವಿ, ಒಂದು ಶಾಸನ. ಹಿಂದಿನವನ ಬರಹವನ್ನು ಅಳಿಸದೆ ತನ್ನದನ್ನು ಪಕ್ಕದಲ್ಲಿ ಕೊರೆಯಿಸಿದರು. ಅದಕ್ಕೇ ಈ ಗೋಡೆಯಲ್ಲಿ ತೆಲುಗೂ ಇದೆ, ಪಾರಸಿಯೂ ಇದೆ,” ಎಂದರು.

ಆ ಮೇಲೆ ಒಳಗೋಡೆ. ಹೊರಗೋಡೆಯ ಒರಟು ಕಲ್ಲುಗಳನ್ನು ನೋಡಿ ಬಂದವರಿಗೆ ಇದು ಬೇರೆಯೇ ಕೈಗಳ ಕೆಲಸವೆಂದು ಹೇಳಿಕೊಡಬೇಕಾಗಿಲ್ಲ. ಹನ್ನೆರಡು ಅಡಿಯಷ್ಟು ಉದ್ದದ ಕಲ್ಲುಗಳೂ ಇಲ್ಲಿವೆ. ನಯವಾಗಿ ಕೆತ್ತಿ, ಒಂದರ ಮೇಲೊಂದನ್ನು, ಒಂದರ ಪಕ್ಕಕ್ಕೊಂದನ್ನು ಕೂರಿಸಿದ್ದಾರೆ. ಗಾರೆ ಇಲ್ಲ, ಸುಣ್ಣ ಇಲ್ಲ. ಸಂದಿನೊಳಗೆ ಹಾಯಿಸಲು ಹುಡುಗರು ತಮ್ಮ ಬಸ್ಸಿನ ಚೀಟಿಯನ್ನು ತೆಗೆದರು. ಎಷ್ಟೋ ಕಡೆ ಅದೂ ಒಳಗೆ ಹೋಗಲಿಲ್ಲ. ಕಲ್ಲಿನ ಭಾರವೇ ಕಲ್ಲನ್ನು ಹಿಡಿದು ನಿಲ್ಲಿಸಿದೆ. ಆದುದರಿಂದಲೇ ಒಂದು ಕಲ್ಲು ಸಡಿಲಿದರೆ ಅದರ ನೆರೆಯ ಕಲ್ಲಿಗೂ ಆಧಾರ ತಪ್ಪುವುದು.

ಅಲ್ಲಿಯೇ ಒಂದು ಕಡೆ ಗೋಡೆ ಬಾಯ್ದೆರೆದಿತ್ತು. ಮೇಲಿನ ಸಾಲಿನ ನಾಲ್ಕೈದು ಕಲ್ಲುಗಳು ಇಲ್ಲ. ಒಳಗಿನ ಮಣ್ಣು ಜರಿದು, ಅದರಲ್ಲಿ ಒಂದು ಬೇವಿನ ಸಸಿ ಎದ್ದಿತ್ತು. “ಇದನ್ನು ತೋಪಿನಿಂದ ಒಡೆದರೇ?” ಎಂದು ಮೊಮ್ಮಗನು ಕೇಳಿದನು.

ಮಾಸ್ತರರು ನೆರಳಿಗೆ ಸರಿದು ಕುಳಿತು 1520ರ ಮುತ್ತಿಗೆಯ ಕಥೆಯನ್ನು ಹೇಳಿದರು. ಅದನ್ನು ಬರೆದಿಟ್ಟವನು ಫೆರ್ನಾವೊ ನೂನಿಜ್ ಎಂಬ ಪೋರ್ತುಗೀಜ ಕುದುರೆ ವ್ಯಾಪಾರಿ. ಅವನು ಯುದ್ಧ ನಡೆದ ಹದಿನೈದು ವರ್ಷಗಳ ತರುವಾಯ ವಿಜಯನಗರದಲ್ಲಿದ್ದವನು. ಅವನ ಬರಹವನ್ನು ರಾಬರ್ಟ್ ಸ್ಯೂವೆಲ್ಲರು 1900ರಲ್ಲಿ ಇಂಗ್ಲಿಷಿಗೆ ತಂದು ಅಚ್ಚು ಹಾಕಿಸಿದರು. ಕೃಷ್ಣದೇವರಾಯನ ದಂಡಿನಲ್ಲಿ ಏಳು ಲಕ್ಷಕ್ಕೂ ಮೇಲ್ಪಟ್ಟು ಕಾಲಾಳುಗಳಿದ್ದರೆಂದು ನೂನಿಜನು ಹೇಳುತ್ತಾನೆ. ವ್ಯಾಪಾರಿಯ ಲೆಕ್ಕವನ್ನು ಅಷ್ಟಕ್ಕಷ್ಟೇ ನಂಬಬೇಕಾದೀತು. ಆದರೆ ಅವನು ಹೇಳುವ ಮತ್ತೊಂದು ಸಂಗತಿಯು ಕಣ್ಣಿಗೆ ಕಟ್ಟುವಂತಿದೆ. ಗೋಡೆಯ ಮೇಲಿನಿಂದ ಗುಂಡುಗಳೂ ಬಾಣಗಳೂ ಸುರಿಯುತ್ತಿದ್ದುದರಿಂದ ಸೈನಿಕರು ಅದರ ಬುಡಕ್ಕೆ ಹೋಗಲು ಹಿಂಜರಿದರಂತೆ. ಆಗ ದಳಪತಿಗಳು ಒಂದು ಉಪಾಯ ಮಾಡಿದರು. ಗುದ್ದಲಿ, ಹಾರೆಗಳನ್ನು ಹಿಡಿದು ಹೋಗಿ ಗೋಡೆಯಿಂದ ಕಿತ್ತು ತಂದ ಒಂದೊಂದು ಕಲ್ಲಿಗೂ ಅದರ ಗಾತ್ರವನ್ನು ನೋಡಿ 10ರಿಂದ 50 ಹಣಗಳವರೆಗೆ ಬೆಲೆ ಕೊಡತೊಡಗಿದರು. ಜನರು ಪ್ರಾಣದ ಹಂಗು ತೊರೆದು ಕಲ್ಲು ಕೀಳಲು ನುಗ್ಗಿದರು. ಕೊನೆಗೆ ಕ್ರಿಸ್ತೊವಾವೊ ದ ಫಿಗೆರೇದೊ ಎಂಬವನು ತನ್ನ ಪೋರ್ತುಗೀಜ ಬಂದೂಕಿನವರೊಡನೆ ನಿಂತು, ಗೋಡೆಯ ಮೇಲೆ ತಲೆದೋರಿದವರನ್ನು ಗುರಿಯಿಟ್ಟು ಕೆಡಹಿದನು. ಕೋಟೆಯ ನಾಯಕನೇ ಗುಂಡಿಗೆ ಬಿದ್ದ ಮೇಲೆ ಊರು ಶರಣಾಯಿತು. ಗೆದ್ದ ರಾಯನು ಊರವರಿಗೆ ಅಭಯ ಕೊಟ್ಟು, ತಾನೇ ಒಡೆಯಿಸಿದ ಗೋಡೆಯನ್ನು ಮತ್ತೆ ಸರಿಪಡಿಸಿದನು.

“ಹಾಗಾದರೆ ಈ ಕಲ್ಲುಗಳು ಆಗ ಹೋದವೇ?” ಎಂದನು ಹುಡುಗ.

“ಇಲ್ಲ ತಮ್ಮಾ,” ಎಂದರು ಮಾಸ್ತರರು. “ನಾನು ನಿನ್ನಷ್ಟು ಇದ್ದಾಗ ಇಲ್ಲಿ ಗೋಡೆ ಇಡಿಯಾಗಿತ್ತು. ಇದನ್ನು ತೋಪು ಒಡೆಯಲಿಲ್ಲ. ಊರಿನವರು ಒಯ್ದರು. ಒಬ್ಬರಿಗೆ ಮೆಟ್ಟಿಲಿಗೆ ಬೇಕಾಯಿತು, ಒಬ್ಬರಿಗೆ ಅಡಿಪಾಯಕ್ಕೆ, ಒಬ್ಬರಿಗೆ ದನದ ಗೋದಲಿಗೆ. ಅಂದು ಕಲ್ಲು ಕಿತ್ತವನು ಪ್ರಾಣವನ್ನು ಪಣಕ್ಕೊಡ್ಡಿದ್ದನು, ಹಣವನ್ನೂ ಪಡೆದನು. ಇಂದು ಎರಡೂ ಇಲ್ಲ. ರಾತ್ರಿ ಬಂಡಿ ತಂದರೆ ಸಾಕು.”

ಹುಡುಗನು ಸ್ವಲ್ಪ ಹೊತ್ತು ಗೋಡೆಯನ್ನೇ ನೋಡುತ್ತಿದ್ದು, ಕೆತ್ತಿದ ಅಂಚನ್ನು ಕೈಯಿಂದ ಸವರಿ, ಎಲ್ಲರಿಗೂ ಕೇಳುವಂತೆ ಹೇಳಿದನು: “ಅಜ್ಜಾ, ನಮ್ಮ ಹಿತ್ತಲಿನಲ್ಲಿ ಬಟ್ಟೆ ಒಗೆಯುವ ಕಲ್ಲೂ ಹೀಗೇ ಇದೆ!”

ಯಾರೂ ಮಾತನಾಡಲಿಲ್ಲ. ಸೊಸೆ ಸೆರಗನ್ನು ಸರಿಪಡಿಸಿಕೊಂಡಳು. ಮನೆಯಾಕೆ ನನ್ನನ್ನು ನೋಡಿದಳು, ನಾನು ಬೇವಿನ ಸಸಿಯನ್ನು ನೋಡಿದೆ. ಆ ಕಲ್ಲು ನಮ್ಮ ತಂದೆಯವರು ಮನೆ ಕಟ್ಟಿಸಿದ ಕಾಲಕ್ಕೆ ಬಂದುದು. ಎಲ್ಲಿಂದ ಬಂದಿತೆಂದು ನಾನು ಅವರನ್ನು ಕೇಳಿರಲಿಲ್ಲ. ಕೇಳದೆ ಇದ್ದುದಕ್ಕೆ ಕಾರಣವು ಉತ್ತರ ನನಗೆ ತಿಳಿದಿದ್ದುದೇ ಹೊರತು ಬೇರೆಯಲ್ಲ. ಮಾಸ್ತರರು ಹುಡುಗನ ಭುಜದ ಮೇಲೆ ಕೈಯಿಟ್ಟು, “ಬಾ, ಇನ್ನೊಂದು ಕಲ್ಲನ್ನು ತೋರಿಸುತ್ತೇನೆ. ಅದನ್ನು ಒಯ್ಯಲು ಯಾರಿಂದಲೂ ಆಗಲಿಲ್ಲ,” ಎಂದು ಮುಂದೆ ನಡೆದರು.

ರಾಯಚೂರಿಗೆ ಬಂದವರು ಮತ್ತೇನನ್ನು ನೋಡದಿದ್ದರೂ ಈ ಒಂದು ಕಲ್ಲನ್ನು ನೋಡತಕ್ಕದ್ದು. ಒಳಗೋಡೆಯ ಪಶ್ಚಿಮ ಭಾಗದಲ್ಲಿ ಅಡ್ಡಲಾಗಿ ಕೂರಿಸಿರುವ ಈ ಅಖಂಡ ಶಿಲೆಯ ಉದ್ದ 41 ಅಡಿ 8 ಅಂಗುಲ. ಮಕ್ಕಳು ಒಬ್ಬರ ಕೈ ಒಬ್ಬರು ಹಿಡಿದು ಸಾಲಾಗಿ ನಿಂತರು. ನಾವು ದೊಡ್ಡವರೂ ಸೇರಿದೆವು. ಆದರೂ ಕಲ್ಲು ಇನ್ನೂ ಉಳಿಯಿತು. ಅದರ ಮೇಲೆ ತೆಲುಗು ಶಾಸನವಿದೆ. ಶಕವರ್ಷ 1216, ಎಂದರೆ 1294ರದು. ಕಾಕತೀಯರ ಅಧಿಕಾರಿ ಗೋನ ಗನ್ನಾರೆಡ್ಡಿಯ ಕಡೆಯ ವಿಠಲನಾಥನು ಆದವಾನಿ, ತುಂಬುಳ, ಮಾನುವ, ಹಾಲುವ ಎಂಬ ಕೋಟೆಗಳನ್ನು ಗೆದ್ದು, ಬಳಿಕ ರಾಯಚೂರಿನ ಈ ಕೋಟೆಯನ್ನು ಕಟ್ಟಿಸಿದುದನ್ನು ಅದು ಹೇಳುತ್ತದೆ. ಗನ್ನಾರೆಡ್ಡಿಯನ್ನು ನಮ್ಮೂರಿನಲ್ಲಿ ಗೋರೆ ಗಂಗಯ್ಯ ರೆಡ್ಡಿಯೆಂದು ಕರೆಯುವ ರೂಢಿಯಿದೆ. ಮಾನುವ ಎಂದರೆ ನಮ್ಮ ಮಾನ್ವಿ. ಗುಡ್ಡದ ಮೇಲಿನಿಂದ ಕೋಲು ತೋರಿಸಿದ ಊರೇ ಈ ಕಲ್ಲಿನಲ್ಲಿ ಏಳು ನೂರು ವರ್ಷಗಳಿಂದ ನಮಗಾಗಿ ಕಾದಿತ್ತು. ಊರಿನ ಜನರು ಈ ಕೋಟೆಯನ್ನು ರಾಣಿ ರುದ್ರಮ್ಮದೇವಿಯ ಕಾಲದ್ದೆಂದು ಹೇಳುವರು. 1294ರ ಹೊತ್ತಿಗೆ ಓರುಗಲ್ಲಿನ ಸಿಂಹಾಸನದಲ್ಲಿ ಅವಳ ಮಗಳ ಮಗನಾದ ಪ್ರತಾಪರುದ್ರನಿದ್ದನು. ಅಜ್ಜಿಯ ಹೆಸರೇ ಜನರ ಬಾಯಲ್ಲಿ ಉಳಿದಿದೆ.

ಆದರೆ ಮಾಸ್ತರರು ನಮ್ಮನ್ನು ಅಲ್ಲಿಗೆ ಕರೆದೊಯ್ದುದು ಶಾಸನಕ್ಕಾಗಿ ಅಲ್ಲ. ಅದರ ಮಗ್ಗುಲಲ್ಲಿ, ಗೋಡೆಯ ಕಲ್ಲಿನ ಮೇಲೆಯೇ, ತೆಳುವಾದ ಗೆರೆಗಳಲ್ಲಿ ಕೊರೆದ ಒಂದು ಚಿತ್ರವಿದೆ. ಬಿಸಿಲು ಓರೆಯಾಗಿ ಬಿದ್ದಾಗ ಚೆನ್ನಾಗಿ ಕಾಣಿಸುವುದು. ಒಂದು ಉದ್ದವಾದ ಬಂಡಿ. ಅದರ ಮೇಲೆ ಇದೇ ನೀಳವಾದ ಕಲ್ಲು. ಬಂಡಿಯ ಮುಂದೆ ಜೋಡಿ ಜೋಡಿಯಾಗಿ ಹೂಡಿದ ಕೋಣಗಳ ಸಾಲು. ಅವುಗಳನ್ನು ಹುರಿದುಂಬಿಸುತ್ತಿರುವ ಜನರು. ಹಿಂದೆ ಗಾಲಿಗಳಿಗೆ ಸನ್ನೆಗೋಲು ಕೊಟ್ಟು ಮೀಟುತ್ತಿರುವ ಮತ್ತಷ್ಟು ಜನರು. ಗಣಿಯಿಂದ ಈ ಕಲ್ಲನ್ನು ತಂದ ರೀತಿಯನ್ನೇ ಅಂದಿನ ಶಿಲ್ಪಿಯು ಬರೆದಿಟ್ಟಿದ್ದಾನೆ.

“ರಾಜರ ಹೆಸರನ್ನು ಕೊರೆದ ಶಾಸನಗಳು ಲೆಕ್ಕವಿಲ್ಲದಷ್ಟು ಇವೆ,” ಎಂದರು ಮಾಸ್ತರರು. “ಕಲ್ಲನ್ನು ಎಳೆದವರ ಚಿತ್ರವನ್ನು ಕೊರೆದುದು ನಾನು ಕಂಡಂತೆ ಇದೊಂದೇ. ಇವರ ಹೆಸರು ಇಲ್ಲ, ಊರು ಇಲ್ಲ. ಆದರೆ ಬೆನ್ನು ಬಾಗಿಸಿ ಸನ್ನೆಗೋಲು ಹಿಡಿದ ಈ ಮನುಷ್ಯನನ್ನು ನೋಡಿರಿ. ಇವನು ಎಳೆದು ತಂದ ಕಲ್ಲನ್ನು ಯಾವ ದಂಡೂ ಅಲುಗಿಸಲಿಲ್ಲ. ನಾವು ಒಯ್ದ ಒಂದೊಂದು ಸಣ್ಣ ಕಲ್ಲಿಗೂ ಇವನಂಥ ಒಬ್ಬನು ಬೆವರು ಸುರಿಸಿದ್ದಾನೆ. ಗೋಡೆ ರಾಜನದೆಂದು ತಿಳಿದು ಒಯ್ದೆವು. ಅದು ಇವನದೆಂದು ತಿಳಿದಿದ್ದರೆ ಒಯ್ಯುತ್ತಿರಲಿಲ್ಲವೇನೋ.”

ಮನೆಗೆ ಬಂದಾಗ ಹತ್ತು ಗಂಟೆ. ಮಾಸ್ತರರನ್ನು ಉಪಾಹಾರಕ್ಕೆ ನಿಲ್ಲಿಸಿಕೊಂಡೆವು. ಮಂಡಾಳ ಒಗ್ಗರಣೆ, ಮಿರ್ಚಿ, ಚಹ ಆದ ಮೇಲೆ ಅವರಾಗಿ ಏನನ್ನೂ ಕೇಳಲಿಲ್ಲ. ನಾನೇ ಅವರನ್ನು ಹಿತ್ತಲಿಗೆ ಕರೆದೊಯ್ದೆ. ಕಲ್ಲಿನ ಮೇಲೆ ಸಾಬೂನಿನ ನೊರೆ ಒಣಗಿತ್ತು. ಅವರು ಬಗ್ಗಿ ಅಂಚುಗಳನ್ನು ಮುಟ್ಟಿ ನೋಡಿ, ಗೇಣಿನಿಂದ ಅಳೆದು, “ಇದು ಆ ಗೋಡೆಯದೇ ಎಂದು ಆಣೆಯಿಟ್ಟು ಹೇಳಲಾರೆ, ರಾಯರೇ. ಆದರೆ ಇಷ್ಟು ನೇರವಾದ ಉಳಿಯ ಕೆಲಸವನ್ನು ಯಾರೂ ಬಟ್ಟೆ ಒಗೆಯುವುದಕ್ಕಾಗಿ ಮಾಡಿರಲಾರರು,” ಎಂದರು.

ಹಿಂದಿರುಗಿ ಒಯ್ದು ಇಟ್ಟುಬಿಡೋಣವೇ ಎಂದು ನಾನು ಕೇಳಿದೆ. ಅದಕ್ಕೆ ಅವರು ಒಪ್ಪಲಿಲ್ಲ. ತಿಳಿಯದವರು ಕಲ್ಲನ್ನು ಕೀಳುವುದೂ ತಪ್ಪು, ತಿಳಿಯದವರು ಕಲ್ಲನ್ನು ಕೂರಿಸುವುದೂ ತಪ್ಪು. ಪ್ರಾಚ್ಯವಸ್ತುಗಳನ್ನು ಕಾಯುವ ಅಧಿಕಾರಿಗಳಿಗೆ ಬರೆದು ತಿಳಿಸಿ, ಅವರು ಹೇಳಿದಂತೆ ಮಾಡುವುದೇ ಸರಿಯಾದ ದಾರಿಯೆಂದರು. ಅಂದೇ ಸಂಜೆ ನಾನು ಕಾಗದ ಬರೆದು ಅಂಚೆಗೆ ಹಾಕಿದೆ. ಕಾಗದದಲ್ಲಿ ನನ್ನ ತಂದೆಯವರ ಹೆಸರನ್ನು ಬರೆಯುವಾಗ ಕೈ ಒಂದು ಗಳಿಗೆ ತಡೆಯಿತು. ಅವರು ಒಳ್ಳೆಯವರು, ಒಂದು ಕಾಸಿನ ಸಾಲವನ್ನೂ ಉಳಿಸಿಕೊಂಡು ಹೋದವರಲ್ಲ. ಅವರಿಗೆ ಇದು ಸಾಲವೆಂದು ಯಾರೂ ಹೇಳಿರಲಿಲ್ಲ, ಅಷ್ಟೆ.

“ಅತ್ತೆಯವರು ನಲವತ್ತು ವರ್ಷ ಒಗೆದ ಕಲ್ಲು,” ಎಂದು ಮನೆಯಾಕೆ ನಿಟ್ಟುಸಿರಿಟ್ಟಳು. ಆದರೂ ಮರುದಿನ ಬೆಳಿಗ್ಗೆ ಎದ್ದು ನೋಡುವಷ್ಟರಲ್ಲಿ ಆ ಕಲ್ಲು ಸ್ವಚ್ಛವಾಗಿ ತೊಳೆಯಲ್ಪಟ್ಟಿತ್ತು. ಬಟ್ಟೆಗಳು ಬೇರೆ ಕಡೆಗೆ ಹೋಗಿದ್ದವು. ಮೊಮ್ಮಗನು ಅದರ ಮುಂದೆ ಕುಳಿತು ತನ್ನ ಪುಸ್ತಕದಲ್ಲಿ ಕೋಣಗಳ ಬಂಡಿಯನ್ನು ಬರೆಯುತ್ತಿದ್ದನು. ಕೋಣಗಳಿಗೆ ಕೊಂಬು ಸ್ವಲ್ಪ ಹೆಚ್ಚಾಗಿಯೇ ಬಂದಿದ್ದವು.

ವಾಚಕರೇ, ನಿಮ್ಮ ಊರಿನಲ್ಲಿಯೂ ಒಂದು ಗುಡ್ಡವೋ ಗೋಡೆಯೋ ಬಾವಿಯೋ ಇದ್ದೇ ಇರುವುದು. ದಾಸರ ಪದಗಳನ್ನು ಕಾಯ್ದುಕೊಟ್ಟ ಮನೆಗಳು ಕಲ್ಲುಗಳನ್ನೂ ಕಾಯಬಲ್ಲವು. ಮನಸ್ಸು ಮಾಡಬೇಕು, ಅಷ್ಟೆ. ರಾಯಚೂರಿಗೆ ಬರುವವರಿಗೆ ಎರಡು ಮಾತು. ಪುಷ್ಯ, ಮಾಘ ಮಾಸಗಳು ಈ ನಡಿಗೆಗೆ ತಕ್ಕ ಕಾಲ, ಬೇಸಿಗೆಯಲ್ಲಿ ಬರಬೇಡಿರಿ. ಬೆಳಗಿನ ಆರು ಗಂಟೆಗೆ ಗುಡ್ಡದಿಂದ ಮೊದಲುಮಾಡಿದರೆ ಹತ್ತರೊಳಗೆ ಎಲ್ಲವನ್ನೂ ನೋಡಬಹುದು. ಗಟ್ಟಿಯಾದ ಪಾದರಕ್ಷೆ, ಕುಡಿಯುವ ನೀರು ಜೊತೆಗಿರಲಿ. ಮಕ್ಕಳನ್ನು ತಪ್ಪದೆ ಕರೆತನ್ನಿರಿ. ಅವರು ಕೇಳುವ ಪ್ರಶ್ನೆಗಳಿಗೆ ಮಾತ್ರ ನಿಮ್ಮ ಮನೆಯ ಹಿತ್ತಲನ್ನು ಒಮ್ಮೆ ನೋಡಿಕೊಂಡೇ ಸಿದ್ಧರಾಗಿ ಬನ್ನಿರಿ.